ನಿವೃತ್ತಿ ಆದೇಶದಲ್ಲಿ 'ಸಂಘ ಬಿಡಿ' ಅಂತ ಬರೆದಿಲ್ಲ

(ತಾಲ್ಲೂಕು ಗುರುಭವನದಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕರೆಯೋಲೆಯಲ್ಲಿ ನನ್ನ ವಿಷಯ 'ನಿವೃತ್ತ ಶಿಕ್ಷಕರು ಮತ್ತು ಸಂಘಟನೆ' ಎಂದಿದೆ. ನಾನು ಅದನ್ನು ನಾಲ್ಕೈದು ವರ್ಷ ಹಿಂದಕ್ಕೆ ಎಳೆಯುತ್ತೇನೆ. ಯಾಕೆಂದರೆ ನಮ್ಮವರು ಸಂಘ ಬಿಡುವುದು ಅರವತ್ತಕ್ಕಲ್ಲ. ಐವತ್ತಾರು, ಐವತ್ತೇಳಕ್ಕೇ ಬಿಟ್ಟಿರುತ್ತಾರೆ. ಸಭೆಗೆ ಕರೆದರೆ "ನಮ್ಮದೇನು ಬಿಡಿ ಸರ್, ಮುಗೀತು. ಇನ್ನು ಹುಡುಗರು ನೋಡಿಕೊಳ್ಳಲಿ" ಎನ್ನುತ್ತಾರೆ. ಧರಣಿಗೆ ಕರೆದರೆ ಮಂಡಿನೋವು. ಸಂಘದ ಚುನಾವಣೆಗೆ ಮಾತ್ರ ಬಂದು, ಒಂದು ವೋಟು ಹಾಕಿ, ಊಟ ಮಾಡಿ ಹೋಗುತ್ತಾರೆ. ಆಮೇಲೊಂದು ದಿನ ಬೀಳ್ಕೊಡುಗೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೊ. ಸಂಬಳ ನಿಂತ ಮೇಲೆ ಅದರಲ್ಲಿ ಹಿಡಿಯುತ್ತಿದ್ದ ಸಂಘದ ವಂತಿಗೆಯೂ ನಿಲ್ಲುತ್ತದೆ. ಅಲ್ಲಿಗೆ ಸಂಬಂಧ ಹರಿಯಿತು.

ನಾನು ಹೇಳಬೇಕಾದ್ದು ಇಷ್ಟೇ. ನಿವೃತ್ತರಿಗೆ ಸಂಬಂಧಪಟ್ಟ ಬಹುಪಾಲು ತೀರ್ಮಾನಗಳು ಸೇವೆಯಲ್ಲಿರುವವರು ಕೂತ ಕೋಣೆಯಲ್ಲಿ ಆಗುತ್ತವೆ. ಆ ಕೋಣೆಯಲ್ಲಿ ನಮ್ಮನ್ನು ನೆನಪಿಟ್ಟುಕೊಂಡವರು ಒಬ್ಬರಾದರೂ ಇರಬೇಕಲ್ವಾ? ಹಾಗಿರಬೇಕಾದರೆ ನಾವು ಒಳಗಿರುವಾಗಲೇ ಅದಕ್ಕೊಂದು ಏರ್ಪಾಡು ಮಾಡಿ ಹೊರಗೆ ಬರಬೇಕು. ಬಂದ ಮೇಲೂ ಬಾಗಿಲ ಹತ್ತಿರವೇ ಇರಬೇಕು.

ಸುಮ್ನೆ ಹೇಳುತ್ತಿಲ್ಲ. ಏಳನೇ ವೇತನ ಆಯೋಗವನ್ನೇ ತೆಗೆದುಕೊಳ್ಳಿ. 2022ರ ನವೆಂಬರ್‌ನಲ್ಲಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚನೆ ಆಯಿತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದರು. ಅದೇ ದಿನ ಶೇ. 17ರ ಮಧ್ಯಂತರ ಪರಿಹಾರದ ಆದೇಶ ಬಂತು, ಮುಷ್ಕರ ವಾಪಸ್ ಆಯಿತು. 2024ರ ಮಾರ್ಚ್‌ನಲ್ಲಿ ಆಯೋಗದ ವರದಿ ಬಂತು. ಅದೇ ವರ್ಷ ಆಗಸ್ಟ್ 1ರಿಂದ ಜಾರಿ. ಕನಿಷ್ಠ ಮೂಲವೇತನ 17,000 ಇದ್ದದ್ದು 27,000 ಆಯಿತು. ಕನಿಷ್ಠ ಪಿಂಚಣಿ 8,500 ಇದ್ದದ್ದು 13,500 ಆಯಿತು. ಒಳ್ಳೆಯದೇ. ಪಟಾಕಿ ಹೊಡೆದೆವು, ಸಿಹಿ ಹಂಚಿದೆವು.

ಆದರೆ ಸರ್ಕಾರಿ ಆದೇಶದಲ್ಲಿ ಮೊದಲು ಓದಬೇಕಾದ್ದು ದಿನಾಂಕ. ಹೊಸ ವೇತನ ಲೆಕ್ಕಕ್ಕೆ ಬರುವುದು 2022ರ ಜುಲೈ 1ರಿಂದ. ದುಡ್ಡು ಕೈಗೆ ಬರುವುದು 2024ರ ಆಗಸ್ಟ್ 1ರಿಂದ. ನಡುವೆ 25 ತಿಂಗಳು. ಆ 25 ತಿಂಗಳಲ್ಲಿ ನಿವೃತ್ತರಾದವರ ಪಿಂಚಣಿಯೇನೋ ಹೊಸ ಲೆಕ್ಕಕ್ಕೆ ಬಂತು. ಆದರೆ ಗ್ರಾಚ್ಯುಟಿ (ದುಡಿದ ವರ್ಷಗಳಿಗೆ ಪ್ರತಿಯಾಗಿ ಕೊಡುವ ಇಡಿಗಂಟು), ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆಯುವುದು), ಗಳಿಕೆ ರಜೆ ನಗದೀಕರಣ (ಬಳಸದೆ ಉಳಿದ ರಜೆಗೆ ಸಿಗುವ ಹಣ) ಮೂರೂ ಹಳೇ ಸಂಬಳದ ಮೇಲೆಯೇ ಉಳಿದವು. ಒಂದೇ ಬ್ಯಾಚಿನಲ್ಲಿ ನೇಮಕವಾಗಿ, ಒಂದೇ ಮೂಲವೇತನದಲ್ಲಿದ್ದ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬರು ಜುಲೈ 31ಕ್ಕೆ ನಿವೃತ್ತಿ, ಇನ್ನೊಬ್ಬರು ಆಗಸ್ಟ್ 31ಕ್ಕೆ. ಒಂದು ತಿಂಗಳ ಅಂತರಕ್ಕೆ ಕೈಗೆ ಬಂದ ಇಡಿಗಂಟಿನಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ.

ಇನ್ನೂ ಒಂದು ವಿಷಯ ಇದೆ, ಅದು ನನ್ನನ್ನು ಜಾಸ್ತಿ ಕಾಡುತ್ತದೆ. ಹೀಗೆ ನಡುವೆ ಸಿಕ್ಕಿಕೊಂಡವರಲ್ಲಿ ಎಷ್ಟೋ ಜನ ಮಾರ್ಚ್ 1ರ ಮುಷ್ಕರದ ದಿನ ಸೇವೆಯಲ್ಲಿ ಇದ್ದವರು. ಶಾಲೆಗೆ ಬೀಗ ಹಾಕಿದವರು ಅವರು. ಗೆದ್ದದ್ದು ಎಲ್ಲರ ಪಾಲಿಗೆ ಬಂತು, ಅವರ ಪಾಲಿಗೆ ಅರ್ಧ. ಕೊನೆಗೆ ಅವರೇ ಬೇರೆ ವೇದಿಕೆ ಕಟ್ಟಿಕೊಂಡು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಬಿಸಿಲಲ್ಲಿ, ಬಿಪಿ ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡು.

ನಾನು ಯಾರ ಮೇಲೂ ಗೂಬೆ ಕೂರಿಸುತ್ತಿಲ್ಲ. ಮಾತುಕತೆಗೆ ಕೂತವರ ಕಣ್ಣು ಮುಂದಿನ ತಿಂಗಳ ಸಂಬಳದ ಮೇಲೆ ಇರುತ್ತದೆ. ಅದು ಸಹಜ. "ಜಾರಿ ದಿನಾಂಕ ಮುಂದಕ್ಕೆ ಹೋದರೆ ನಡುವೆ ರಿಟೈರ್ ಆದವರ ಗತಿ ಏನು?" ಎಂದು ಕೇಳಬೇಕಾದವರು ಆ ಗತಿ ಕಾಣುವವರೇ. ಅವರು ಆಗಲೇ ಸಭೆಗೆ ಬರುವುದನ್ನು ಬಿಟ್ಟಿರುತ್ತಾರೆ.

"ಕೋರ್ಟ್ ಇದೆಯಲ್ಲ" ಎನ್ನಬಹುದು. ಇದೆ. ಪ್ರತಿ ವರ್ಷ ಡಿಸೆಂಬರ್ 17ಕ್ಕೆ ಪಿಂಚಣಿದಾರರ ದಿನ ಮಾಡುತ್ತೇವೆ. ಅದು ನಕಾರಾ ತೀರ್ಪಿನ ದಿನ, 1982. ಕೇಂದ್ರ ಸರ್ಕಾರ 1979ರಲ್ಲಿ ಪಿಂಚಣಿ ಲೆಕ್ಕವನ್ನು ಉದಾರ ಮಾಡಿ, ಆ ವರ್ಷದ ಮಾರ್ಚ್ 31ಕ್ಕೆ ಗೆರೆ ಎಳೆದಿತ್ತು. ಅದಕ್ಕಿಂತ ಮೊದಲು ನಿವೃತ್ತರಾದವರಿಗೆ ಇಲ್ಲ, ಆಮೇಲಿನವರಿಗೆ ಉಂಟು. ಡಿ.ಎಸ್. ನಕಾರಾ ಆ ಗೆರೆಯ ಹಿಂದೆ ಉಳಿದವರು. ಪಿಂಚಣಿ ಸರ್ಕಾರ ಮನಸ್ಸು ಬಂದಾಗ ಕೊಡುವ ಕೃಪೆ ಅಲ್ಲ, ದುಡಿದವರ ಹಕ್ಕು, ಒಂದೇ ವರ್ಗದ ಪಿಂಚಣಿದಾರರನ್ನು ಹೀಗೆ ದಿನಾಂಕ ಇಟ್ಟು ಒಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ದೊಡ್ಡ ತೀರ್ಪು. ಆದರೆ ಗ್ರಾಚ್ಯುಟಿಯಂಥ ಒಂದೇ ಸಲ ಕೊಟ್ಟು ಮುಗಿಸುವ ಮೊತ್ತಕ್ಕೆ ಆ ಮಾತನ್ನು ಕೋರ್ಟುಗಳು ಅಷ್ಟು ಸಲೀಸಾಗಿ ಅನ್ವಯಿಸಿಲ್ಲ. ಹಾಗಾಗಿ ಇಂಥದ್ದನ್ನು ಆದೇಶ ಆಗುವ ಮೊದಲೇ, ಮಾತುಕತೆಯ ಮೇಜಿನಲ್ಲೇ ಸರಿ ಮಾಡಿಸಬೇಕು. ಆದ ಮೇಲೆ ತಿದ್ದಿಸುವುದು ಹತ್ತು ಪಟ್ಟು ಕಷ್ಟ.

ಕಷ್ಟ ಎಂದೆ, ಆಗದು ಎನ್ನಲಿಲ್ಲ. ನನಗೆ ಬಹಳ ಇಷ್ಟವಾದ ಒಂದು ಪ್ರಕರಣ ಹೇಳುತ್ತೇನೆ. ಇಲ್ಲಿ ಖಾಸಗಿ ಶಾಲೆಯವರೂ ಕೆಲವರು ಇದ್ದೀರಿ, ಕೇಳಿಸಿಕೊಳ್ಳಿ.

ಗ್ರಾಚ್ಯುಟಿ ಕಾಯ್ದೆ 1972ರದ್ದು. 1997ರ ಏಪ್ರಿಲ್ 3ರಂದು ಕೇಂದ್ರ ಸರ್ಕಾರ ಅದನ್ನು ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಿತು. ಆದರೆ ಶಾಲೆಯ ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ 'ನೌಕರ'ರೇ ಅಲ್ಲ ಎಂಬ ತಕರಾರು ಎದ್ದಿತು. ಕೂಲಿ ಅಲ್ಲ, ಕುಶಲ ಕೆಲಸ ಅಲ್ಲ, ಗುಮಾಸ್ತಿಕೆ ಅಲ್ಲ, ಹಾಗಾದರೆ ಇವರು ಯಾರು? ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘ ಸುಪ್ರೀಂ ಕೋರ್ಟಿನ ತನಕ ಹೋಯಿತು. 2004ರ ಜನವರಿಯಲ್ಲಿ ಸೋತಿತು. ಶಾಲೆಯ ಜವಾನನಿಗೆ ಗ್ರಾಚ್ಯುಟಿ ಉಂಟು, ಗುಮಾಸ್ತನಿಗೆ ಉಂಟು, ಪಾಠ ಮಾಡಿದವರಿಗೆ ಇಲ್ಲ. ಬೇಕಾದರೆ ಶಾಸಕಾಂಗ ಕಾನೂನು ಮಾಡಬಹುದು ಎಂದು ಕೋರ್ಟ್ ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಅದೂ ಹೇಗೆ? 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯ. ಖಾಸಗಿ ಶಾಲೆಗಳ ಆಡಳಿತದವರು ಅದನ್ನೂ ಪ್ರಶ್ನಿಸಿದರು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿ ಹಿಡಿಯಿತು.

ಲೆಕ್ಕ ಹಾಕಿ. 1998ರಲ್ಲಿ ನಿವೃತ್ತರಾದ ಒಬ್ಬ ಖಾಸಗಿ ಶಾಲಾ ಶಿಕ್ಷಕರಿಗೆ ಪೂರ್ತಿ ಖಾತ್ರಿ ಸಿಗಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಅಷ್ಟು ದಿನ ಆ ಕಾಗದ ಹಿಡಿದು ಕೂತವರಿಗೆ, ಎಲ್ಲಿ ಏನಾಗುತ್ತಿದೆ ಎಂದು ತಿಳಿಸುವ ಒಂದು ಸಂಘದ ನಂಟು ಇಟ್ಟುಕೊಂಡವರಿಗೆ ಅದು ಸಿಕ್ಕಿರುತ್ತದೆ. 'ಮುಗೀತು' ಎಂದುಕೊಂಡು ಮನೆಯಲ್ಲಿ ಕೂತವರಿಗೆ ಕಾನೂನು ಬದಲಾದದ್ದು ಗೊತ್ತಾಗಿದೆಯೋ ಇಲ್ಲವೋ.

ಉಲ್ಟಾ ಉದಾಹರಣೆಯೂ ಇದೆ. ನಿವೃತ್ತರು ಹೋರಾಡಿ ಸೇವೆಯಲ್ಲಿರುವವರಿಗೆ ಲಾಭ ಆದದ್ದು. ನಮ್ಮ ರಾಜ್ಯದ್ದೇ. ನಮ್ಮ ಪೀಳಿಗೆಯಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಅಲ್ವಾ? ಅವ್ವ ಹೆತ್ತ ದಿನ ಯಾವುದೋ, ಹೆಡ್ ಮಾಸ್ತರು ದಾಖಲಾತಿಯಲ್ಲಿ ಬರೆದ ದಿನ ಅದು. (ನಾವೂ ಮುಂದೆ ಎಷ್ಟು ಮಕ್ಕಳಿಗೆ ಅದೇ ದಿನ ಬರೆದೆವೋ, ಹೋಗಲಿ ಬಿಡಿ.) ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹೀಗೆ ದಿನಾಂಕದ ಆಟದಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ. ವರ್ಷಪೂರ್ತಿ ದುಡಿದು, ಇನ್‌ಕ್ರಿಮೆಂಟ್ ಬರುವ ಹಿಂದಿನ ದಿನ ನಿವೃತ್ತರಾದರೆ ಆ ಇನ್‌ಕ್ರಿಮೆಂಟ್ ಸೇರಿಸಿ ಪಿಂಚಣಿ ಲೆಕ್ಕ ಹಾಕಬೇಕೋ ಬೇಡವೋ? ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ನಿವೃತ್ತ ನೌಕರರು ಇದನ್ನು ಹಿಡಿದು ಬಿಡಲಿಲ್ಲ. 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ದುಡಿದ ವರ್ಷದ ಇನ್‌ಕ್ರಿಮೆಂಟ್ ದುಡಿದವರದ್ದೇ. ಆ ತೀರ್ಪನ್ನು ಈಗ ದೇಶದ ತುಂಬ ನೌಕರರು ತೋರಿಸುತ್ತಾರೆ. ಅದನ್ನು ಗೆದ್ದುಕೊಟ್ಟವರು ಸೇವೆಯಿಂದ ಹೊರಗೆ ಇದ್ದವರು.

ಈಗ ನಮ್ಮ ನಡುವಿನ ಬಿರುಕಿನ ಬಗ್ಗೆ ಹೇಳಲೇಬೇಕು. 2006ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಸೇವೆಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಲ್ಲಿ ವಂತಿಗೆ ಹಿಡಿದು ಮಾರುಕಟ್ಟೆಯಲ್ಲಿ ಹೂಡುವ, ಮೊತ್ತದ ಖಾತ್ರಿ ಇಲ್ಲದ ಪಿಂಚಣಿ. ಅದಕ್ಕೂ ಮೊದಲು ಸೇರಿದವರಿಗೆ ಕೊನೆಯ ಸಂಬಳದ ಲೆಕ್ಕದಲ್ಲಿ ಸರ್ಕಾರ ಕೊಡುವ ಹಳೇ ಪಿಂಚಣಿ. ಸಂಘದ ಮುಂದಿನ ಸಾಲಿನಲ್ಲಿ ಬಹಳ ವರ್ಷ ಕೂತವರು ಹಳೇ ಪಿಂಚಣಿಯವರು. ಹಿಂದಿನ ಸಾಲಿನ ಹುಡುಗ ಹುಡುಗಿಯರ ಮನಸ್ಸಿನಲ್ಲಿ ಒಂದೇ ಮಾತು. "ಅವರದ್ದು ಸೇಫ್. ನಮ್ಮ ಹೊಟ್ಟೆ ಉರಿ ಅವರಿಗೆ ಏನು ಗೊತ್ತು?" ಎನ್‌ಪಿಎಸ್ ನೌಕರರು ಬೇರೆ ಸಂಘ ಕಟ್ಟಿಕೊಂಡದ್ದು ಸುಮ್ನೆ ಅಲ್ಲ.

2024ರ ಜನವರಿಯಲ್ಲಿ ಒಂದು ಆದೇಶ ಆಯಿತು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮೊದಲೇ ಆಗಿದ್ದು, ಸೇವೆಗೆ ಸೇರಿದ್ದು ಮಾತ್ರ ಆಮೇಲೆ ಆದವರಿಗೆ ಹಳೇ ಪಿಂಚಣಿಗೆ ಬರಲು ಅವಕಾಶ. ಸುಮಾರು 13 ಸಾವಿರ ನೌಕರರು. ಇಂಥ ಆದೇಶ ಬಂದಾಗ ಏನೇನು ಬೇಕು ನೋಡಿ. ಅಧಿಸೂಚನೆ ಪ್ರತಿ, ಆಯ್ಕೆ ಪಟ್ಟಿ, ನೇಮಕಾತಿ ಆದೇಶ. ಹದಿನೆಂಟು ವರ್ಷದ ಹಿಂದಿನ ಕಾಗದ. ಕಚೇರಿಯಲ್ಲಿ ಕೇಳಿದರೆ ಇಲಿ ತಿಂದಿದೆಯೋ ಮಳೆ ನೀರು ಬಿದ್ದಿದೆಯೋ ಹೇಳಲು ಬರುವುದಿಲ್ಲ. ಆಗ ಸಂಘದ ಪದಾಧಿಕಾರಿ ಆಗಿದ್ದ, ಈಗ ಮನೆಯಲ್ಲಿ ಇರುವ ಮೇಷ್ಟ್ರ ಬೀರುವಿನಲ್ಲಿ ಅದು ಇರುತ್ತದೆ. ಅವರು ಎಲ್ಲವನ್ನೂ ಫೈಲು ಮಾಡಿ ಇಟ್ಟಿರುತ್ತಾರೆ. ನಮ್ಮ ಪೀಳಿಗೆಯವರಿಗೆ ಅದೊಂದು ಚಟ.

ಯಾವ ಹುದ್ದೆಗೆ ಯಾರು ಅರ್ಹರು ಎಂದು ಹೇಳುವ ವೃಂದ ಮತ್ತು ನೇಮಕಾತಿ ನಿಯಮದ ಗಲಾಟೆಯೂ ಇದೇ ಜಾತಿಯದ್ದು. 2017ರ ನಿಯಮ ಬಂದ ಮೇಲೆ, 1ರಿಂದ 7ನೇ ತರಗತಿಗೆ ಎಂದು ನೇಮಕವಾಗಿ ವರ್ಷಗಟ್ಟಲೆ ಏಳನೇ ತರಗತಿಗೆ ಪಾಠ ಮಾಡಿದವರು 1ರಿಂದ 5ಕ್ಕೆ ಸೀಮಿತವಾದರು. ಪದವಿ ಇದ್ದರೂ ಪದವೀಧರ ಶಿಕ್ಷಕರ ಹುದ್ದೆ ಸಿಗಲಿಲ್ಲ. 2024ರ ಆಗಸ್ಟ್ 12ರಂದು ಫ್ರೀಡಂ ಪಾರ್ಕಿನಲ್ಲಿ ಸೇರಿದ ಶಿಕ್ಷಕರ ಸಿಟ್ಟು ಇದರ ಬಗ್ಗೆಯೇ. 'ನಮ್ಮ ಆದೇಶದಲ್ಲಿ ಏನು ಬರೆದಿತ್ತು' ಎಂದು ಸಾಕ್ಷಿ ಹೇಳಬಲ್ಲವರಲ್ಲಿ ಬಹಳ ಜನ ನಿವೃತ್ತರು, ಇಲ್ಲವೇ ಅದರ ಅಂಚಿನಲ್ಲಿ ಇರುವವರು.

ಅಂಚಿನಲ್ಲಿ ಇರುವವರಿಗೆ ಇನ್ನೊಂದು ಪರೀಕ್ಷೆ ಬಂದಿದೆ. ನಿಜವಾದ ಪರೀಕ್ಷೆಯೇ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬಗ್ಗೆ ಕೊಟ್ಟ ತೀರ್ಪು ನಿಮಗೆ ಗೊತ್ತಿದೆ. ಸೇವೆಯಲ್ಲಿದ್ದು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇದ್ದರೆ ಪಾಸಾಗದೆಯೂ ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಬಡ್ತಿ ಇಲ್ಲ. ಐವತ್ತೇಳು ವರ್ಷದ ಒಬ್ಬ ಗೆಳೆಯರು ಈ ಸುದ್ದಿ ಕೇಳಿ "ಸದ್ಯ, ನಾವು ಬಚಾವ್" ಎಂದರು. ನನಗೆ ಬೇಜಾರಾಯಿತು. ಅವರ ಶಾಲೆಯಲ್ಲೇ ಐವತ್ಮೂರು ವರ್ಷದ ಮೇಡಂ ಒಬ್ಬರು ರಾತ್ರಿ ಮಗನ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಾರೆ. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಆ ಮೇಡಂ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲಲು ಈ 'ಬಚಾವ್' ಆದವರಿಗಿಂತ ಯೋಗ್ಯರು ಯಾರು? ಅವರಿಗೆ ಸ್ವಂತ ಲಾಭ ಇಲ್ಲ, ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ.

ಇನ್ನು ದೊಡ್ಡ ವಿಷಯ ಬಿಟ್ಟು ಸಣ್ಣದಕ್ಕೆ ಬರುತ್ತೇನೆ. ನನ್ನ ಪ್ರಕಾರ ಸಂಘದ ಅಸಲಿ ಕೆಲಸ ಇದೇ.

ಸೇವಾ ಪುಸ್ತಕ. ಎಸ್‌ಆರ್. ದಪ್ಪ ರಟ್ಟು, ಮೂಲೆ ಮಡಚಿದ ಹಾಳೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ಕೊನೆಯ ಸಲ ಪೂರ್ತಿ ತಿರುವಿ ನೋಡಿದ್ದು ಯಾವಾಗ? ನೋಡಿ, ಕೈ ಎತ್ತಲು ಹಿಂದೆ ಮುಂದೆ ನೋಡುತ್ತಿದ್ದೀರಿ. ಅದರಲ್ಲಿ ಪ್ರತಿ ವರ್ಷದ ಇನ್‌ಕ್ರಿಮೆಂಟ್ ನಮೂದು ಇರಬೇಕು, ಎದುರಿಗೆ ಅಧಿಕಾರಿಯ ಸಹಿ, ಮೊಹರು ಇರಬೇಕು. 'ಸೇವೆ ಪರಿಶೀಲಿಸಿದೆ' ಎಂಬ ಸಾಲು ವರ್ಷವರ್ಷವೂ ಇರಬೇಕು. ಕಾಲಮಿತಿ ಬಡ್ತಿಯ ಆದೇಶ ಸಂಖ್ಯೆ, ಗಳಿಕೆ ರಜೆ ಲೆಕ್ಕ, ಹೆರಿಗೆ ರಜೆ, ನಾಮನಿರ್ದೇಶನ ಎಲ್ಲ ಇರಬೇಕು. ಎಲ್ಲೋ ಒಂದು ಕಡೆ ಸಹಿ ಇರುವುದಿಲ್ಲ. ವರ್ಗಾವಣೆ ಆದ ವರ್ಷ ಹಳೇ ಕಚೇರಿಯವರು 'ಹೊಸಬರು ಬರೆಯುತ್ತಾರೆ' ಎಂದು ಬಿಟ್ಟಿರುತ್ತಾರೆ, ಹೊಸಬರು 'ಹಳಬರು ಬರೆದಿರುತ್ತಾರೆ' ಎಂದು ಬಿಟ್ಟಿರುತ್ತಾರೆ. 1997ರಲ್ಲಿ ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ದಾವಣಗೆರೆ ಇವೆಲ್ಲ ಹೊಸ ಜಿಲ್ಲೆ ಆದವಲ್ಲ, ಆಗ ಫೈಲುಗಳು ಕಚೇರಿಯಿಂದ ಕಚೇರಿಗೆ ಗಾಡಿ ಹತ್ತಿದವು. ಆ ಕಾಲದವರ ಪುಸ್ತಕ ತೆರೆದರೆ ಒಂದಲ್ಲ ಒಂದು ಖಾಲಿ ಜಾಗ ಸಿಗುವ ಸಾಧ್ಯತೆ ಇದೆ.

ಈ ಖಾಲಿ ಜಾಗ ಮೂವತ್ತು ವರ್ಷ ಸುಮ್ಮನೆ ಇರುತ್ತದೆ. ಪಿಂಚಣಿ ಕಡತ ಅದರ ಲೆಕ್ಕ ಪರಿಶೀಲಿಸುವ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋದಾಗ ಮಾತಾಡುತ್ತದೆ. ಆಕ್ಷೇಪಣೆ ಬಿದ್ದು ಕಡತ ವಾಪಸ್ ತಾಲ್ಲೂಕಿಗೆ ಬರುತ್ತದೆ. ಸಹಿ ಮಾಡಬೇಕಾದ ಅಧಿಕಾರಿ ಎಂದೋ ನಿವೃತ್ತರಾಗಿರುತ್ತಾರೆ. ಸಂಬಳದ ಬಿಲ್ಲಿನ ಹಳೇ ಪ್ರತಿ ಹುಡುಕಬೇಕು. ಇಲ್ಲಿ ನಿವೃತ್ತರು ಬೇಕು. ನಮ್ಮ ಕಡೆ ಒಬ್ಬ ಹಿರಿಯರು ಇದ್ದರು, ಮುಖ್ಯ ಶಿಕ್ಷಕರಾಗಿ ನಿವೃತ್ತರಾದವರು. ಯಾರ ಎಸ್‌ಆರ್ ಕೊಟ್ಟರೂ ಕನ್ನಡಕ ಹಣೆಗೆ ಏರಿಸಿ, ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು. ಪೆನ್ಸಿಲಿನಲ್ಲಿ ಸಣ್ಣ ಗುರುತು. "ಇಲ್ಲಿ ನೋಡಮ್ಮ, ಬಿ.ಎಡ್‌ಗೆ ಹೋಗಿದ್ದೆಯಲ್ಲ, ಆ ರಜೆ ಮಂಜೂರಾತಿ ಹತ್ತಿಸಿಲ್ಲ. ನಾಳೆಯೇ ಅರ್ಜಿ ಬರಿ." ಕೇಸ್ ವರ್ಕರ್ ಹತ್ತಿರ ಜಗಳ ಮಾಡದೆ, ಟೀ ಕುಡಿಸಿ, ಅದೇ ಮಧ್ಯಾಹ್ನ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಲಂಚ ಕೊಡಬೇಕಾದ ಪ್ರಸಂಗ ಎಷ್ಟೋ ಸಲ ಬರುವುದು ಇಂಥ ಒಂದು ಖಾಲಿ ಸಾಲಿನಿಂದ. ಸಾಲು ತುಂಬಿದ್ದರೆ ಕೇಳುವವರಿಗೆ ಬಾಯಿ ಇರುವುದಿಲ್ಲ.

ಆದ್ದರಿಂದ ನಿವೃತ್ತಿಗೆ ಎರಡು ಮೂರು ವರ್ಷ ಇರುವಾಗಲೇ ಪುಸ್ತಕ ಓದಿಸಿ. ಮುಖ್ಯ ಶಿಕ್ಷಕರು ಆಗಿದ್ದರೆ ಇನ್ನೂ ಬೇಗ. ಬಿಸಿಯೂಟದ ದಾಸ್ತಾನು, ಕಟ್ಟಡದ ಅನುದಾನ, ಹಳೇ ಆಡಿಟ್ ಆಕ್ಷೇಪಣೆ, ಯಾವುದಕ್ಕೂ ಬೇಬಾಕಿ ಪತ್ರ (ಬಾಕಿ ಏನೂ ಇಲ್ಲ ಎಂಬ ಪತ್ರ) ಇಲ್ಲದಿದ್ದರೆ ಗ್ರಾಚ್ಯುಟಿ ತಡೆಯುತ್ತಾರೆ. ಹೆಸರಿನ ವಿಷಯ ಬೇರೆ. ಎಸ್‌ಆರ್‌ನಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು. ಹೆಂಡತಿ ಹೆಸರಂತೂ ಕೇಳಲೇಬೇಡಿ. ತವರಿನ ಇನಿಷಿಯಲ್ ಒಂದು ಕಡೆ, ಗಂಡನ ಇನಿಷಿಯಲ್ ಇನ್ನೊಂದು ಕಡೆ.

ಇದನ್ನು ಹೇಳುವಾಗ ಕುಟುಂಬ ಪಿಂಚಣಿ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮೇಷ್ಟ್ರು ತೀರಿಕೊಂಡರೆ ಮನೆಯವರು ಯಾರ ಹತ್ತಿರ ಹೋಗಬೇಕು? ಮೇಷ್ಟ್ರಿಗೆ ಸಂಘ ಗೊತ್ತಿತ್ತು, ಅಮ್ಮನಿಗೆ ಗೊತ್ತಿಲ್ಲ. ಪಿಪಿಒ (ಪಿಂಚಣಿ ಪಾವತಿ ಆದೇಶ) ಎಂದರೆ ಏನು, ಅದು ಮನೆಯಲ್ಲಿ ಎಲ್ಲಿದೆ, ಅದೂ ಗೊತ್ತಿಲ್ಲ. ಹನ್ನೊಂದನೇ ದಿನದ ಊಟಕ್ಕೆ ಬಂದ ನಾವು ಕೈ ತೊಳೆದು ಹೊರಡುತ್ತೇವೆ. ಆ ಊಟಕ್ಕೆ ಹೋಗುವವರಲ್ಲಿ ಒಬ್ಬರು ಅರ್ಜಿ ನಮೂನೆ ಹಿಡಿದುಕೊಂಡು ಹೋಗಿ, ಆಮೇಲೊಂದು ದಿನ ಖಜಾನೆಗೂ ಬ್ಯಾಂಕಿಗೂ ಜೊತೆಗೆ ಹೋಗಿ ಬಂದರೆ ಸಾಕು. ಇದಕ್ಕೆ ಅಧ್ಯಕ್ಷ ಸ್ಥಾನ ಬೇಡ, ಲೆಟರ್‌ಹೆಡ್ ಬೇಡ.

ಕಮ್ಯುಟೇಷನ್ ಬಗ್ಗೆಯೂ ಒಂದು ಮಾತು. ಪಿಂಚಣಿಯ ಮೂರನೇ ಒಂದು ಭಾಗವನ್ನು ಇಡಿಗಂಟಾಗಿ ತೆಗೆದುಕೊಂಡವರಿಗೆ ಹದಿನೈದು ವರ್ಷದ ನಂತರ ಆ ಭಾಗ ಮತ್ತೆ ಸೇರಬೇಕು. ಅಂದರೆ ನಿಮಗೆ ಎಪ್ಪತ್ತೈದು. ಆ ವಯಸ್ಸಿಗೆ ಪಾಸ್‌ಬುಕ್ಕಿನ ಅಕ್ಷರ ಕಾಣುವುದಿಲ್ಲ. ಸೇರಿತೋ ಇಲ್ಲವೋ ನೋಡುವವರು ಬೇಕು. ಅರವತ್ತೆರಡರ ನಿವೃತ್ತರು ಎಪ್ಪತ್ತೈದರ ನಿವೃತ್ತರಿಗೆ ಇದನ್ನು ಮಾಡಿಕೊಡಬಹುದು.

ಇಷ್ಟು ಹೊತ್ತು ಸೇವೆಯಲ್ಲಿ ಇರುವವರಿಗೆ ಹೇಳಿದೆ. ಈಗ ನಮ್ಮಂಥ ನಿವೃತ್ತರಿಗೆ, ಸ್ವಲ್ಪ ಕಹಿ ಮಾತು.

ನಿವೃತ್ತರನ್ನು ಸಂಘದ ಹುಡುಗರು ಕರೆಯದೆ ಇರುವುದಕ್ಕೆ ಕಾರಣ ಇದೆ. ನಾವು ಬಂದರೆ ವೇದಿಕೆ ಮೇಲೆ ಕುರ್ಚಿ ಬೇಕು. ಮೈಕ್ ಸಿಕ್ಕರೆ "ನಮ್ಮ ಕಾಲದಲ್ಲಿ" ಎಂದು ಶುರುವಾಗಿ ಊಟ ತಣ್ಣಗಾಗುತ್ತದೆ. ಚುನಾವಣೆ ಬಂದರೆ ನಮ್ಮ ಬಣದ ಹುಡುಗನನ್ನು ಗೆಲ್ಲಿಸಲು ಹಳೇ ಜಾತಿ ಲೆಕ್ಕ, ಹಳೇ ಹೋಬಳಿ ಲೆಕ್ಕ ತೆಗೆಯುತ್ತೇವೆ. ಇದು ಬೇಡ. ನಿವೃತ್ತರಿಗೆ ಸಂಘದ ಚುನಾವಣೆಯಲ್ಲಿ ಮತ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ಸರಿಯೇ. ತರಗತಿಯಲ್ಲಿ ನಿಂತವರು ತಮ್ಮ ನಾಯಕರನ್ನು ಆರಿಸಿಕೊಳ್ಳಲಿ. ನಮಗೆ ಕೆಲಸ ಕೊಡಿ, ಕುರ್ಚಿ ಬೇಡ.

ನಮ್ಮ ಹತ್ತಿರ ಇರುವ ಒಂದು ಶಕ್ತಿ ಅವರಿಗಿಲ್ಲ. ಸೇವೆಯಲ್ಲಿ ಇರುವವರು ನಡತೆ ನಿಯಮಗಳ ಕೆಳಗೆ ಇದ್ದಾರೆ. ಪತ್ರಿಕೆಯಲ್ಲಿ ಸರ್ಕಾರದ ನೀತಿಯನ್ನು ಟೀಕಿಸಿದರೆ ನೋಟಿಸು. ಮುಷ್ಕರ ಹಕ್ಕಲ್ಲ ಎಂದು ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ 2003ರಲ್ಲಿ ಹೇಳಿದೆ. ಆ ವರ್ಷ ಅಲ್ಲಿ ಮುಷ್ಕರ ಮಾಡಿದ ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರು, ಶಿಕ್ಷಕರನ್ನು ಒಮ್ಮೆಲೇ ಮನೆಗೆ ಕಳಿಸಿದ್ದು ನೆನಪಿರಬಹುದು. ನಿವೃತ್ತರಿಗೆ ಅಮಾನತಿನ ಭಯ ಇಲ್ಲ, ವರ್ಗಾವಣೆಯ ಭಯ ಇಲ್ಲ. ಶಾಲೆ ವಿಲೀನ, ಖಾಲಿ ಹುದ್ದೆ, ಶಿಕ್ಷಕರ ಮೇಲೆ ಹೇರುವ ಸಮೀಕ್ಷೆ, ಗಣತಿ ಇವುಗಳ ಬಗ್ಗೆ ಹೆಸರು ಹಾಕಿ ಬರೆಯಬಲ್ಲವರು ನಾವು. ಎಷ್ಟು ಜನ ಬರೆಯುತ್ತೇವೆ? ವಾಟ್ಸ್ಆಪ್‌ನಲ್ಲಿ ಬೆಳಗಿನ ಸುಭಾಷಿತ ಕಳಿಸುವುದರಲ್ಲಿ ಅರ್ಧ ಉತ್ಸಾಹ ಇದಕ್ಕೆ ಇಟ್ಟರೆ ಸಾಕಿತ್ತು.

ಹೈಸ್ಕೂಲು, ಕಾಲೇಜಿನವರಿಗೆ ಒಂದು ಸಣ್ಣ ಮಾಹಿತಿ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಮತ ನಿವೃತ್ತಿಯ ದಿನವೇ ಹೋಗುವುದಿಲ್ಲ. ಅರ್ಹತಾ ದಿನಾಂಕಕ್ಕೆ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದ್ದರೆ ಸಾಕು. ಎರಡು ವರ್ಷದ ಹಿಂದೆ ನಿವೃತ್ತರಾದವರೂ ಪಟ್ಟಿಗೆ ಸೇರಬಹುದು. ಪ್ರಾಥಮಿಕ ಶಾಲೆಯವರಿಗೆ ಆ ಮತವೇ ಇಲ್ಲ. ರಾಜ್ಯದಲ್ಲಿ ಏಳು ಶಿಕ್ಷಕರ ಕ್ಷೇತ್ರ ಇದ್ದರೂ, ಅತಿ ಹೆಚ್ಚು ಶಿಕ್ಷಕರು ಇರುವ ಹಂತ ಅದರ ಹೊರಗಿದೆ. ಸಂವಿಧಾನದ 171ನೇ ವಿಧಿ ಹಾಗಿದೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ, ಅದು ಉದ್ದದ ಕಥೆ.

ಬೇರೆ ಕಡೆ ಹೇಗೆ? ಕೇರಳದಲ್ಲಿ ಸೇವಾ ಪಿಂಚಣಿದಾರರ ಯೂನಿಯನ್ ಊರೂರಿನ ಮಟ್ಟದಲ್ಲಿ ಘಟಕ ಇಟ್ಟುಕೊಂಡಿದೆ, ಕುಟುಂಬದವರನ್ನೂ ಸೇರಿಸಿ ಸಭೆ ಮಾಡುತ್ತದೆ. ಅಮೆರಿಕದ ದೊಡ್ಡ ಶಿಕ್ಷಕರ ಸಂಘ ಎನ್‌ಇಎಯಲ್ಲಿ ನಿವೃತ್ತರ ವಿಭಾಗವೇ ಇದೆ. ಕೆಲಸದಲ್ಲಿ ಇರುವಾಗಲೇ ಮುಂಗಡ ವಂತಿಗೆ ಕಟ್ಟಿ, ನಿವೃತ್ತಿ ದಿನದಿಂದ ಆ ವಿಭಾಗಕ್ಕೆ ಸೇರಬಹುದು. ನಮ್ಮಲ್ಲಿ ಸೇವಾನಿರತರ ಸಂಘ ಒಂದು, ನಿವೃತ್ತ ನೌಕರರ ಸಂಘ ಇನ್ನೊಂದು. ಎರಡೂ ಒಳ್ಳೆಯ ಕೆಲಸ ಮಾಡುತ್ತವೆ, ಆದರೆ ಒಂದರ ಫೋನ್ ನಂಬರು ಇನ್ನೊಂದರ ಹತ್ತಿರ ಇರುವುದಿಲ್ಲ. ಮೇ 31ರಂದು ಅಲ್ಲಿಂದ ಹೊರಟವರು ಜೂನ್ 1ಕ್ಕೆ ಇಲ್ಲಿ ತಲುಪುವುದಿಲ್ಲ, ನಡುವೆ ಎಲ್ಲೋ ಕಳೆದುಹೋಗುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಳೆದುಹೋಗುವುದು ಇನ್ನೂ ಜಾಸ್ತಿ. ಪ್ರಾಥಮಿಕ ಶಾಲೆಗಳಲ್ಲಿ ಅವರೇ ಹೆಚ್ಚು. ಸಂಘದ ಸಭೆ ಇಡುವುದು ಸಂಜೆ ಐದೂವರೆಗೆ, ಅವರ ಬಸ್ಸು ಐದೂಕಾಲಿಗೆ. ಸೇವೆಯಲ್ಲಿ ಇದ್ದಾಗಲೇ ಒಳಗೆ ಬಿಟ್ಟುಕೊಳ್ಳದವರನ್ನು ನಿವೃತ್ತರಾದ ಮೇಲೆ "ಬನ್ನಿ ಮೇಡಂ" ಎಂದರೆ ಯಾಕೆ ಬರುತ್ತಾರೆ? ಮೊದಲು ಸಭೆಯ ಹೊತ್ತು ಬದಲಾಯಿಸಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ಮೇಡಂ ಕೇಳಿದರು. "ಸರ್, ನಿವೃತ್ತಿ ಆದ ಮೇಲಾದರೂ ಮೊಮ್ಮಕ್ಕಳ ಜೊತೆ ಇರಬೇಕು ಅನಿಸುತ್ತದೆ. ಅದೂ ತಪ್ಪಾ?" ಖಂಡಿತ ತಪ್ಪಲ್ಲ, ಇರಿ ಎಂದೆ. ತಿಂಗಳಿಗೆ ಒಂದು ಮಧ್ಯಾಹ್ನ ಕೊಟ್ಟರೆ ಸಾಕು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಇದ್ದರೂ ಎಸ್‌ಆರ್ ಪುಟದ ಫೋಟೊ ನೋಡಿ ಹೇಳಬಹುದು. ಊರಿನಲ್ಲೇ ಇರಬೇಕೆಂದಿಲ್ಲ.

ಇನ್ನೊಬ್ಬ ಯುವ ಶಿಕ್ಷಕರು, ಎನ್‌ಪಿಎಸ್‌ನವರು, ಕೇಳಿದರು. "ಇದನ್ನೆಲ್ಲ ಶುರು ಮಾಡುವುದು ಎಲ್ಲಿಂದ? ಬೈಲಾ ತಿದ್ದಬೇಕಾ?" ಬೈಲಾ ತಿದ್ದಿ ನಿವೃತ್ತರಿಗೆ ಮತವಿಲ್ಲದ ಸಹಸದಸ್ಯತ್ವ ಕೊಟ್ಟರೆ ಒಳ್ಳೆಯದು, ಆದರೆ ಅದಕ್ಕೆ ಸರ್ವಸದಸ್ಯರ ಸಭೆ, ಠರಾವು ಎಲ್ಲ ಆಗಬೇಕು, ಹೊತ್ತು ಹಿಡಿಯುತ್ತದೆ. ಅದಕ್ಕೆ ಕಾಯುವುದು ಬೇಡ ಎಂದೆ. ನವೆಂಬರ್‌ನಲ್ಲಿ ಪಿಂಚಣಿದಾರರೆಲ್ಲ ಜೀವಿತ ಪ್ರಮಾಣಪತ್ರ ಕೊಡಲೇಬೇಕು. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು, ಆದರೆ ಎಪ್ಪತ್ತು ದಾಟಿದವರಿಗೆ ಅದು ಬರುವುದಿಲ್ಲ. ನಿಮ್ಮಂಥ ಹುಡುಗರು ಇಬ್ಬರು ಮೊಬೈಲ್ ಹಿಡಿದು ಈ ಗುರುಭವನದಲ್ಲಿ ಒಂದು ದಿನ ಕೂರಿ. ಪಕ್ಕದ ಮೇಜಿನಲ್ಲಿ ನಾವು ಇಬ್ಬರು ಮೂವರು ಕೂರುತ್ತೇವೆ, ಮುಂದಿನ ಎರಡು ವರ್ಷದಲ್ಲಿ ನಿವೃತ್ತರಾಗುವವರು ತಮ್ಮ ಎಸ್‌ಆರ್ ಜೆರಾಕ್ಸ್ ತರಲಿ. ಬಂದ ಪ್ರತಿಯೊಬ್ಬರ ಹೆಸರು, ಫೋನ್, ಮನೆಯಲ್ಲಿ ಇನ್ನೊಬ್ಬರ ಫೋನ್ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋಣ.

"ಯಾವ ದಿನ ಇಡೋಣ ಸರ್?" ಎಂದರು. ಶನಿವಾರ ಇಡಿ, ಬೆಳಗಿನ ಶಾಲೆ ಮುಗಿದ ಮೇಲೆ. ಮೇಡಂಗಳ ಬಸ್ಸಿನ ಹೊತ್ತು ಮೊದಲು ಕೇಳಿಕೊಂಡು.